ನರಿ ತಲೆಯ ದೇವರೂ ನಮ್ಮ ಡ್ರಾಯಿಂಗ್ ಮೇಷ್ಟ್ರೂ

ಪೂಜೆ ನಿಂತುಹೋದ ದೇವರುಗಳಿಂದ ಯಾರಿಗೂ ತೊಂದರೆಯಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಚಾಲ್ತಿಯಲ್ಲಿರುವ ದೇವರುಗಳ ವಿಷಯ ಬೇರೆ. ಅವರಿಗೆ ಉತ್ಸವ ಬೇಕು, ಮೈಕು ಬೇಕು, ಒಂದು ಕಮಿಟಿ ಬೇಕು, ಆ ಕಮಿಟಿ ಒಡೆದು ಇನ್ನೊಂದು ಕಮಿಟಿಯಾಗಬೇಕು. ಅವರ ಬಗ್ಗೆ ಬಾಯಿಬಿಡುವ ಮುಂಚೆ ಸುತ್ತಮುತ್ತ ಯಾರಿದ್ದಾರೆ ಎಂದು ನೋಡಿಕೊಳ್ಳಬೇಕು. ಆದರೆ ಈಜಿಪ್ಟಿನ ದೇವರುಗಳ ಪರವಾಗಿ ಜಗಳಕ್ಕೆ ಬರುವವರು ಯಾರಿದ್ದಾರೆ? ಬ್ಯಾಬಿಲೋನಿನ ದೇವತೆಗೆ ಅವಮಾನವಾಯಿತೆಂದು ಮತ್ತಿಕೆರೆಯಲ್ಲಿ ಯಾರಾದರೂ ಬಸ್ಸಿಗೆ ಕಲ್ಲು ಹೊಡೆದಾರೆಯೇ? ನನ್ನಂಥ ಪುಕ್ಕಲು ಮನುಷ್ಯನಿಗೆ ಹೇಳಿಮಾಡಿಸಿದ ದೇವರುಗಳು ಅವು ಎಂದುಕೊಂಡಿದ್ದೆ. ಪುಕ್ಕಲುತನ ಎಂಬ ಮಾತನ್ನು ಇಲ್ಲಿ ಸುಮ್ಮನೆ ವಿನಯಕ್ಕೆ ಬಳಸಿಲ್ಲ. ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಯಲಹಂಕ ದಾಟಿ, ರಾಜಾನುಕುಂಟೆಗೆ ಸ್ವಲ್ಪ ಈಚೆ, ದೊಡ್ಡಬಳ್ಳಾಪುರ ರಸ್ತೆಯ ಪಕ್ಕದ ಒಂದು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದೆ. ಮನೆ ಮತ್ತಿಕೆರೆಯಲ್ಲಿ. ಎಂಟನೇ ತರಗತಿಯ ಪುಸ್ತಕದಲ್ಲಿ ಪ್ರಾಚೀನ ನಾಗರಿಕತೆಗಳ ಪಾಠವಿತ್ತು. ಅವರು ಅನೇಕ ದೇವರುಗಳನ್ನು ಪೂಜಿಸುತ್ತಿದ್ದರು ಎಂದು ಒಂದು ವಾಕ್ಯ ಬರೆದು, ಪುಸ್ತಕ ನೇರವಾಗಿ ನೀರಾವರಿಗೆ ಹೋಗಿಬಿಡುತ್ತಿತ್ತು. ನನಗೆ ಆ ಒಂದು ವಾಕ್ಯವೇ ಮೂರು ವಾರದ ಪಾಠ. ಶನಿವಾರ ಮಧ್ಯಾಹ್ನ ಲೈಬ್ರರಿಗೆ ಹೋಗಿ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ತಂದು ಓದುವುದು, ಸೋಮವಾರ ಅದಕ್ಕೆ ಒಗ್ಗರಣೆ ಹಾಕಿ ಮಕ್ಕಳಿಗೆ ಬಡಿಸುವುದು. ಭೂಮಿಯ ಮೇಲೆ ಮನುಷ್ಯರ ಗದ್ದಲ ಜಾಸ್ತಿಯಾಗಿ, ನಿದ್ದೆ ಕೆಟ್ಟ ಬ್ಯಾಬಿಲೋನಿನ ದೊಡ್ಡ ದೇವರು ಸಿಟ್ಟಿನಿಂದ ಪ್ರಳಯ ಕಳಿಸಿದ ಕಥೆಯನ್ನು ಹೇಳಿದ ದಿನ ನಮ್ಮ ಎಂಟನೇ 'ಬಿ' ಸೆಕ್ಷನ್ ಒಂದು ಗಂಟೆ ಪಿಟ್ಟೆನ್ನದೆ ಕೂತಿತ್ತು. ಆ ಪ್ರಳಯವಾದ ಮೇಲೆ ನೈವೇದ್ಯ ಇಡುವವರಿಲ್ಲದೆ ದೇವರುಗಳೇ ಉಪವಾಸ ಬಿದ್ದರಂತೆ. ಉಳಿದುಕೊಂಡಿದ್ದ ಒಬ್ಬ ಪುಣ್ಯಾತ್ಮ ಒಲೆ ಹಚ್ಚಿ ಏನೋ ಬೇಯಿಸಿದಾಗ ವಾಸನೆಗೆ ನೊಣಗಳ ಹಾಗೆ ಬಂದು ಮುತ್ತಿದರಂತೆ. ಇನ್ನು ಗ್ರೀಕರ ದೇವರಾಜನಿಗೆ ವಿಪರೀತ ತಲೆನೋವು ಬಂದು, ತಲೆ ಸೀಳಿದಾಗ ಒಳಗಿನಿಂದ ಕವಚ ತೊಟ್ಟ ಮಗಳೊಬ್ಬಳು ಎದ್ದು ಬಂದಳಂತೆ. ನಮ್ಮ ಹೆಡ್‌ಮಾಸ್ಟರಿಗೂ ದಿನಾ ತಲೆನೋವು ಬರುತ್ತಿತ್ತು. ಅದರಿಂದ ಸುತ್ತೋಲೆಗಳು ಹುಟ್ಟುತ್ತಿದ್ದವೇ ಹೊರತು ಬೇರೇನೂ ಹುಟ್ಟಿದ್ದನ್ನು ನಾನು ಕಾಣೆ.

ಈ ಕಥೆಗಳಿಗೆಲ್ಲ ಚಿತ್ರ ಬರೆದುಕೊಡುತ್ತಿದ್ದವರು ನಮ್ಮ ಡ್ರಾಯಿಂಗ್ ಮೇಷ್ಟ್ರು ಗಫೂರ್ ಸಾಹೇಬರು. ಆರ್.ಟಿ. ನಗರದವರು. ಹೆಬ್ಬಾಳದಲ್ಲಿ ನನ್ನ ಬಸ್ಸು ಹತ್ತುತ್ತಿದ್ದರು, ನಾನು ಪಕ್ಕದ ಸೀಟಿನ ಮೇಲೆ ಕರ್ಚೀಫು ಹಾಸಿ ಅವರಿಗೆ ಜಾಗ ಹಿಡಿದಿರುತ್ತಿದ್ದೆ. ತೆಳ್ಳಗಿನ ಆಳು, ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ನೀಲಿ. ನಾಲ್ಕು ವರ್ಷದಿಂದ ಟೆಂಪೊರರಿ. ಈ ವರ್ಷ ಪರ್ಮನೆಂಟ್ ಮಾಡುತ್ತೇವೆ ಎಂದು ಕಮಿಟಿಯವರು ಪ್ರತಿ ವರ್ಷವೂ ಹೇಳುತ್ತಿದ್ದರು. ನಾನು ಬಸ್ಸಿನಲ್ಲಿ ಒಂದೊಂದು ದೇವರ ಚಹರೆಯನ್ನೂ ವರ್ಣಿಸುವುದು, ಅವರು ಕಣ್ಣು ಮುಚ್ಚಿಕೊಂಡು ಕೇಳುವುದು, ಎರಡು ದಿನ ಬಿಟ್ಟು ಡ್ರಾಯಿಂಗ್ ಶೀಟಿನಲ್ಲಿ ಆ ದೇವರು ಪ್ರತ್ಯಕ್ಷನಾಗುವುದು. ಗಿಡುಗನ ತಲೆಯ ಸೂರ್ಯದೇವ, ಸಿಂಹದ ತಲೆಯ ದೇವತೆ, ಮೊಸಳೆ ಮುಖದ ನದಿ ದೇವರು, ಹೀಗೆ ನಮ್ಮ ಕ್ಲಾಸಿನ ಗೋಡೆ ತುಂಬಿಹೋಗಿತ್ತು. ಒಂದು ಸಲ ನಾನೇ ಅನುಮಾನಪಟ್ಟು ಕೇಳಿದೆ, "ಸಾಹೇಬ್ರೇ, ನೀವು ಇದನ್ನೆಲ್ಲ ಬರೀಬಹುದಾ? ನಿಮ್ಮಲ್ಲಿ ಏನೂ ಅನ್ನಲ್ವಾ?" ಅವರು ನಕ್ಕು, "ಇವು ಯಾರ ದೇವರು ರಾಯ್ರೇ? ಯಾರದೂ ಅಲ್ಲ. ಇದು ಪಾಠ. ಪಾಠ ಬರಿಯೋದಕ್ಕೇನು?" ಎಂದರು.

ಸತ್ತವರನ್ನು ಕರೆದೊಯ್ಯುವ ನರಿ ತಲೆಯ ದೇವರನ್ನು ಬರೆಯುವಾಗ ಮಾತ್ರ ಅವರಿಗೆ ಕಷ್ಟವಾಯಿತು. ಆಗಿನ್ನೂ ನಮ್ಮ ಸ್ಕೂಲಿನ ಹಿಂದಿನ ಹೊಲಗಳಲ್ಲಿ ನರಿಗಳು ಓಡಾಡುತ್ತಿದ್ದವು. ಆದರೆ ನರಿ ನಿಂತು ಪೋಸು ಕೊಡುವುದಿಲ್ಲವಲ್ಲ. ಕೊನೆಗೆ ಸಾಹೇಬರು ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಮಲಗುತ್ತಿದ್ದ ಒಂದು ಕರಿ ನಾಯಿಯನ್ನು ನೋಡಿಕೊಂಡು ಬರೆದರು. ಚಿತ್ರ ಅದ್ಭುತವಾಗಿತ್ತು. ಆದರೆ ಅದು ನಾಯಿಯಾಗಿತ್ತು. "ನಾಯಿ ಆಯ್ತಲ್ಲ ಸಾಹೇಬ್ರೇ" ಎಂದೆ. "ಮಕ್ಕಳಿಗೆ ಏನ್ ಗೊತ್ತಾಗುತ್ತೆ ಬಿಡಿ" ಎಂದರು.

ಆ ಪಾಠ ಮಾಡಿದ ದಿನ ನಾನು ಭಾರಿ ಹುಮ್ಮಸ್ಸಿನಲ್ಲಿದ್ದೆ. ಸತ್ತವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದು ತಟ್ಟೆಯಲ್ಲಿ ಒಂದು ಹಕ್ಕಿಯ ಗರಿ ಇಟ್ಟು, ಈ ನರಿ ತಲೆಯವನು ತೂಗುತ್ತಾನೆ ಎಂದು ರೂಲು ದೊಣ್ಣೆಯನ್ನೇ ತಕ್ಕಡಿಯ ಹಾಗೆ ಹಿಡಿದು ತೋರಿಸಿದೆ. ಮುಂದಿನ ಬೆಂಚಿನ ಮಂಜುಳ ಎದ್ದುನಿಂತಳು. ಚುರುಕು ಹುಡುಗಿ, ನಮ್ಮ ಸ್ಕೂಲು ಕಮಿಟಿಯ ಅಧ್ಯಕ್ಷರ ಮಗಳು. "ಸಾರ್, ಹೃದಯ ಭಾರ ಇದ್ರೆ?" "ಪಕ್ಕದಲ್ಲೇ ಮೊಸಳೆ ಬಾಯಿಯ ಒಂದು ಪ್ರಾಣಿ ಕೂತಿರುತ್ತೆ. ಗುಳುಂ!" "ಎಲ್ಲಾರ್ದೂ ತೂಗ್ತಾರಾ ಸಾರ್?" ನಾನು ದೊಣ್ಣೆಯನ್ನು ಮೇಜಿನ ಮೇಲೆ ಕುಟ್ಟಿದೆ. "ಎಲ್ಲರದೂ! ರಾಜನದೂ, ಕೂಲಿಯವನದೂ, ನಿಮ್ಮಜ್ಜಿಯದೂ!" ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಮಂಜುಳ ನಗಲಿಲ್ಲ. ಮುಂದಿನ ಪೀರಿಯಡ್ಡು ಡ್ರಾಯಿಂಗು. ಆ ದೇವರನ್ನೂ ತಕ್ಕಡಿಯನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಡಿ ಎಂದು ಅವಳು ಕೇಳಿದಳಂತೆ. ಗಫೂರ್ ಸಾಹೇಬರು ಬಣ್ಣ ಹಾಕಿ ಬರೆದುಕೊಟ್ಟರು.

ಮಂಜುಳಳ ಅಜ್ಜಿ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಗೊಳ್ ನಗುವನ್ನು ಬಿಟ್ಟುಕೊಡುತ್ತಿದ್ದೆನೋ ಇಲ್ಲವೋ ಹೇಳಲಾರೆ. ಮೇಷ್ಟ್ರುಗಳಿಗೆ ಸಿಗುವ ಚಪ್ಪಾಳೆ ಅಷ್ಟೇ ತಾನೇ.

ನಾಲ್ಕನೆಯ ದಿನ ಅಧ್ಯಕ್ಷರು ಸ್ಕೂಲಿಗೆ ಬಂದರು. ಮುನಿಶಾಮಪ್ಪ ಎಂದು ಹೆಸರು. ಆ ಸೀಮೆಯ ಹಳೇ ಒಕ್ಕಲು ಮನೆತನ, ಸ್ಕೂಲಿನ ಜಾಗವೂ ಅವರ ತಂದೆ ಕೊಟ್ಟದ್ದು. ಆಗ ತಾನೇ ಯಲಹಂಕದ ಹತ್ತಿರ ತಮ್ಮ ರಾಗಿ ಹೊಲಗಳನ್ನು ಲೇಔಟು ಮಾಡಲು ಹೊರಟಿದ್ದರು. ಬಂದವರೇ ಹೆಡ್‌ಮಾಸ್ಟರ ರೂಮಿಗೆ ಗಫೂರ್ ಸಾಹೇಬರನ್ನೂ, ತಿಳಿದವರು ಒಬ್ಬರು ಇರಲಿ ಎಂದು ನನ್ನನ್ನೂ ಕರೆಸಿದರು. ಮೇಜಿನ ಮೇಲೆ ಮಂಜುಳಳ ಡ್ರಾಯಿಂಗ್ ಪುಸ್ತಕ ಬಿಚ್ಚಿಟ್ಟಿತ್ತು.

"ಮಗ್ಳು ಇದ ತೋರ್ಸುದ್ಲು, ನಮ್ಮವ್ವ ಮೂರು ದಿನದಿಂದ ಗಂಜಿ ಮುಟ್ಟಿಲ್ಲ ಕಣ್ರೀ" ಎಂದರು ಅಧ್ಯಕ್ಷರು. ಅವರ ದನಿ ನಡುಗುತ್ತಿತ್ತು. ಸಿಟ್ಟೋ ದುಃಖವೋ ನನಗೆ ಗೊತ್ತಾಗಲಿಲ್ಲ. "ಕಣ್ಣ್ ಮುಚ್ಚಿದ್ರೆ ನಾಯಿ ತಲೆಯೋನು ಬತ್ತಾನೆ, ಗುಂಡ್ಗೆ ತೂಕ ಆಕ್ತಾನೆ ಅಂತ ಕಿರುಚ್ತಾಳೆ. ಎಂಬತ್ತು ವರ್ಸದ ಮುದುಕಿ. ಇಂಗಾ ಎದ್ರಿಸೋದು? ಇದ ಬರ್ದೋರು ಯಾರು?"

"ನಾನೇ ಸಾರ್" ಎಂದರು ಗಫೂರ್ ಸಾಹೇಬರು.

"ಬರೀ ಅಂತ ನಿಮಗೆ ಏಳಿದ್ದು ಯಾರು?"

ಹೆಡ್‌ಮಾಸ್ಟರು ಹಣೆ ಒತ್ತಿಕೊಂಡರು. ನಾನು ಗೋಡೆಯ ಮೇಲಿನ ಟೈಂ ಟೇಬಲ್ಲನ್ನು ಓದತೊಡಗಿದೆ. ಹತ್ತು ವರ್ಷದಿಂದ ಅದೇ ಗೋಡೆಯ ಮೇಲಿದ್ದ ಅದರಲ್ಲಿ ಅಷ್ಟು ಓದುವಂಥದ್ದು ಇದೆಯೆಂದು ಅವತ್ತೇ ಗೊತ್ತಾದದ್ದು. ಗಫೂರ್ ಸಾಹೇಬರು ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ಹೇಳಿದರು, "ಯಾರೂ ಹೇಳಿಲ್ಲ ಸಾರ್. ಮಗು ಕೇಳಿತು, ಬರೆದುಕೊಟ್ಟೆ."

"ದೇವ್ರಿಗೆ ನಾಯಿ ತಲೆ ಮಡಗಿ ಬರ್ಯಾಕೆ ನಿಮಗೆ ಎಂಗ್ ಮನಸ್ ಬಂತು ಸಾಬ್ರೇ? ನಮ್ ದೇವ್ರ ಸುದ್ದಿ ನಿಮಗ್ಯಾಕೆ?"

"ಇದು ನಿಮ್ಮ ದೇವರಲ್ಲ ಸಾರ್. ಈಜಿಪ್ಟ್ ದೇಶದ್ದು. ಸಾವಿರಾರು ವರ್ಷದ ಹಿಂದೆ..."

"ಅದೆಲ್ಲ ಬ್ಯಾಡ." ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವು ಓದ್ಕಂಡೋರು, ಶಾಸ್ತ್ರ ಬಲ್ಲೋರು. ನೀವೇ ಏಳಿ. ನಮ್ಮಲ್ಲಿ ನಾಯಿ ತಲೆ ದೇವ್ರು ಐತಾ?"

"ಇಲ್ಲ" ಎಂದೆ.

ನಾನು ಜೀವನದಲ್ಲಿ ಸಾಕಷ್ಟು ಸುಳ್ಳು ಹೇಳಿದ್ದೇನೆ. ಈ ಒಂದು ನಿಜ ಮಾಡಿದಷ್ಟು ಅನಾಹುತವನ್ನು ಅವೆಲ್ಲ ಸೇರಿದರೂ ಮಾಡಿಲ್ಲ. ಅಧ್ಯಕ್ಷರು ಮೇಜಿನ ಮೇಲೆ ಅಂಗೈ ಊರಿ ಎದ್ದರು. "ಕೇಳುದ್ರಲ್ಲ" ಎಂದು ಹೆಡ್‌ಮಾಸ್ಟರಿಗೆ ಹೇಳಿ ಹೊರಟುಹೋದರು. ಟೆಂಪೊರರಿ ಮೇಷ್ಟ್ರನ್ನು ತೆಗೆಯಲು ಅದಕ್ಕಿಂತ ಹೆಚ್ಚಿನ ವಿಚಾರಣೆ ಬೇಕಿರಲಿಲ್ಲ. ಸಂಜೆಯೊಳಗೆ ಹೆಡ್‌ಮಾಸ್ಟರ ತಲೆನೋವಿನಿಂದ ಒಂದು ಸುತ್ತೋಲೆ ಹುಟ್ಟಿತು. ಅದರಲ್ಲಿ ಗಫೂರ್ ಸಾಹೇಬರ ಸೇವೆ ನಾಳೆಯಿಂದ ಅಗತ್ಯವಿಲ್ಲ ಎಂದಿತ್ತು.

ನಾನು ಯಾಕೆ ಸುಮ್ಮನಿದ್ದೆ ಎಂದು ನೀವು ಕೇಳಬಹುದು. ಕೆಲಸ ಹೋಗುವ ಭಯ ಎಂದರೆ ಅದು ಮರ್ಯಾದಸ್ಥ ಕಾರಣವಾಗುತ್ತಿತ್ತು. ಆದರೆ ನಾನು ಪರ್ಮನೆಂಟಾಗಿ ಎಂಟು ವರ್ಷವಾಗಿತ್ತು, ನನ್ನನ್ನು ತೆಗೆಯುವುದು ಅಧ್ಯಕ್ಷರ ಕೈಯಲ್ಲೂ ಇರಲಿಲ್ಲ. ಬಹಳ ಕೆದಕಿ ಹುಡುಕಿದರೆ ಸಿಗುವ ಕಾರಣ ಇಷ್ಟೇ. ಹಿಂದಿನ ತಿಂಗಳು ಅಧ್ಯಕ್ಷರು ಹೆಗಲ ಮೇಲೆ ಕೈಯಿಟ್ಟು, "ನಮ್ ಲೇಔಟ್ನಾಗೆ ನಿಮಗೊಂದು ಮೂಲೆ ಸೈಟು ಮಡಗಿವ್ನಿ ಮೇಷ್ಟ್ರೇ, ಪೂರ್ವದ ಬಾಗ್ಲು" ಎಂದಿದ್ದರು. ಟೈಂ ಟೇಬಲ್ ಓದುವಾಗ ನನಗೆ ಕಾಣುತ್ತಿದ್ದುದು ಆ ಪೂರ್ವದ ಬಾಗಿಲು.

ಗಫೂರ್ ಸಾಹೇಬರು ಬಣ್ಣದ ಡಬ್ಬಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳುವುದನ್ನು ನಾನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದೆ. ಕೈಯಲ್ಲಿ ಕಿರುಪರೀಕ್ಷೆಯ ಉತ್ತರಪತ್ರಿಕೆಗಳಿದ್ದವು. ಅವತ್ತು ಎಲ್ಲರಿಗೂ ಧಾರಾಳವಾಗಿ ಮಾರ್ಕ್ಸು ಬಿತ್ತು. ಅವರ ಬಸ್ಸು ಹೋಗಲಿ ಎಂದು ಅರ್ಧ ಗಂಟೆ ಕಾದು ಮುಂದಿನ ಬಸ್ಸು ಹತ್ತಿದೆ. ಆ ಬಸ್ಸಿನಲ್ಲಿ ನಾನು ಅದ್ಭುತವಾದ ಭಾಷಣ ಮಾಡಿದೆ, ಮನಸ್ಸಿನಲ್ಲೇ. ಸ್ವಾಮೀ ಮುನಿಶಾಮಪ್ಪನವರೇ, ನಾಯಿ ತಲೆ ಇಲ್ಲ, ಸರಿ. ಆನೆ ತಲೆ ಇದೆಯಲ್ಲ? ಸಿಂಹದ ತಲೆ? ಕುದುರೆ ತಲೆ? ಹಂದಿಯ ಮುಖ? ಗಿಡುಗನ ಮೂಗಿನ ಗರುಡನಿಗೆ ನೀವು ದಿನಾ ಕೈಮುಗಿಯುವುದಿಲ್ಲವೇ? ತಪ್ಪು ಚಿತ್ರದ್ದಲ್ಲ, ಕಥೆಯದು. ಕಥೆ ಹೇಳಿದವನು ನಾನು, ನಿಮ್ಮ ತಾಯಿಯ ಹೆಸರು ತಂದವನೂ ನಾನೇ. ಯಲಹಂಕದಿಂದ ಶುರುವಾದ ಭಾಷಣ ಹೆಬ್ಬಾಳ ಬರುವ ಹೊತ್ತಿಗೆ ಕಣ್ಣೀರು ತರಿಸುವಂತಿತ್ತು. ಮತ್ತಿಕೆರೆ ದಾಟಿದ್ದೂ ಗೊತ್ತಾಗಲಿಲ್ಲ. ಕಂಡಕ್ಟರ್ ಬಂದು, "ರೀ ಸ್ವಾಮೀ, ಕೊನೇ ಸ್ಟಾಪು, ಇಳೀರಿ" ಎಂದ.

ಆಮೇಲೆ ನಡೆದದ್ದು ನನಗೆ ಗೊತ್ತಾದದ್ದು ಮಂಜುಳಳಿಂದ, ಮೂರು ದಿನ ಬಿಟ್ಟು. ಗಫೂರ್ ಸಾಹೇಬರು ಅವತ್ತು ಬಸ್ಸು ಹತ್ತಿರಲೇ ಇಲ್ಲ. ಅಧ್ಯಕ್ಷರು ಊರಲ್ಲಿಲ್ಲದ ಹೊತ್ತು ನೋಡಿ ನೇರವಾಗಿ ಅವರ ಮನೆಗೆ ಹೋಗಿದ್ದಾರೆ. ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ಕೂತು, "ಅವ್ವಾ, ಆ ದೇವರನ್ನ ಬರೆದೋನು ನಾನೇ" ಎಂದಿದ್ದಾರೆ. ಅಜ್ಜಿ ಸೆರಗು ಮುಖಕ್ಕೆಳೆದುಕೊಂಡು, "ಅವನು ಬತ್ತಾನಾ ಸಾಮಿ?" ಎಂದು ಕೇಳಿದರಂತೆ. "ಅವನು ಈಜಿಪ್ಟಿನವನು ಅವ್ವಾ. ಇಲ್ಲೀತನಕ ಅವನಿಗೆ ಬಸ್ಸಿಲ್ಲ. ಅಲ್ಲೂ ಈಗ ಅವನನ್ನ ಕೇಳೋರಿಲ್ಲ, ಕೆಲಸ ಬಿಟ್ಟು ಎಷ್ಟೋ ಕಾಲ ಆಯ್ತು." ಅಜ್ಜಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ಅಕಸ್ಮಾತ್ ಬಂದ್ರೆ? ನಾನು ಸೊಸೇಗೆ ಭಾಳ ಕಾಟ ಕೊಟ್ಟಿವ್ನಿ ಕಣಪ್ಪ. ನನ್ನ ಗುಂಡ್ಗೆ ಭಾರ ಐತೆ." ಆಗ ಸಾಹೇಬರು ಮಂಜುಳಳ ಹಳೇ ಸ್ಲೇಟು ತರಿಸಿ ತಕ್ಕಡಿ ಬರೆದರಂತೆ. ಒಂದು ತಟ್ಟೆಯಲ್ಲಿ ಗರಿ, ಒಂದು ತಟ್ಟೆಯಲ್ಲಿ ಅಜ್ಜಿಯ ಹೃದಯ. ಹೃದಯದ ತಟ್ಟೆ ಮೇಲಕ್ಕೆ ಹೋಗಿತ್ತು. "ತಪ್ಪು ಮಾಡಿದೆ ಅಂತ ಬಾಯಿಬಿಟ್ಟು ಹೇಳಿದ್ರಲ್ಲ ಅವ್ವಾ, ಅಷ್ಟಕ್ಕೇ ಹಗುರ ಆಗೋಯ್ತು. ಕುಡೀರಿ ಗಂಜಿ." ಬಾಗಿಲಲ್ಲಿ ನಿಂತಿದ್ದ ಸೊಸೆ ಕಣ್ಣೊರೆಸಿಕೊಂಡು ಗಂಜಿ ತಂದರಂತೆ. ಅಜ್ಜಿ ಕುಡಿದರು.

ಇದಾದ ಮೇಲೂ ಸಾಹೇಬರನ್ನು ಯಾರೂ ವಾಪಸು ಕರೆಯಲಿಲ್ಲ. ಅಷ್ಟರಲ್ಲಿ ಆ ಜಾಗಕ್ಕೆ ಅಧ್ಯಕ್ಷರ ಭಾವಮೈದುನನೇ ಬಂದು ಕೂತಿದ್ದ. ಅವನಿಗೆ ಬರೆಯಲು ಬರುತ್ತಿದ್ದುದು ಮಾವಿನಕಾಯಿ ಒಂದೇ. ಆ ವರ್ಷ ನಮ್ಮ ಸ್ಕೂಲಿನ ಮಕ್ಕಳೆಲ್ಲ ಮಾವಿನಕಾಯಿ ಬರೆದು ಪಾಸಾದರು. ಗೋಡೆಯ ಮೇಲಿನ ದೇವರುಗಳನ್ನು ಹೆಡ್‌ಮಾಸ್ಟರು ಸುರುಳಿ ಸುತ್ತಿಸಿ ಬೀರುವಿನ ಹಿಂದೆ ತಳ್ಳಿಸಿದರು. ನಾನು ಪ್ರಾಚೀನ ನಾಗರಿಕತೆಯ ಪಾಠದಲ್ಲಿ ಅವರು ಅನೇಕ ದೇವರುಗಳನ್ನು ಪೂಜಿಸುತ್ತಿದ್ದರು ಎಂದು ಹೇಳಿ, ನೇರವಾಗಿ ನೀರಾವರಿಗೆ ಹೋಗುವುದನ್ನು ಕಲಿತೆ. ಆರ್.ಟಿ. ನಗರಕ್ಕೆ ಹೋಗಿ ಸಾಹೇಬರನ್ನು ಕಾಣಬೇಕು ಎಂದು ಎಷ್ಟೋ ಭಾನುವಾರ ಅಂದುಕೊಂಡೆ. ಭಾನುವಾರಗಳಲ್ಲಿ ಸೈಟು ನೋಡಿಕೊಂಡು ಬರುವುದೂ ಇರುತ್ತಿತ್ತು.

ಐದಾರು ವರ್ಷ ಕಳೆಯಿತು. ಮೂಲೆ ಸೈಟಿನಲ್ಲಿ ಮನೆ ಎದ್ದಿತು. ಆ ಹೊತ್ತಿಗೆ ಅಧ್ಯಕ್ಷರು ತಮ್ಮೂರಿನ ನರಸಿಂಹಸ್ವಾಮಿ ದೇವಸ್ಥಾನದ ಜೀರ್ಣೋದ್ಧಾರ ಮಾಡಿಸುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ, "ಬಂದು ನೋಡ್ಕಂಡೋಗಿ ಮೇಷ್ಟ್ರೇ, ಅಮ್ಮಾವ್ರನ್ನೂ ಕರ್ಕಂಬನ್ನಿ" ಎಂದು ಹೇಳಿಕಳಿಸಿದರು. ನಾನೂ ನನ್ನ ಹೆಂಡತಿ ಲಲಿತಳೂ ಹೋದೆವು. ಗೋಪುರಕ್ಕೆ ಸಾರವೆ ಕಟ್ಟಿತ್ತು. ಅಧ್ಯಕ್ಷರು ಮೇಲಕ್ಕೆ ಬೊಟ್ಟು ಮಾಡಿ, "ಆ ಸಿಂಹದ ತಲೆ ನೋಡಿ, ಎಂಗೈತೆ! ಜೀವ ಬಂದಂಗಿಲ್ವಾ? ನಮ್ಮವ್ವ ಸಾಯೋವಾಗ ಕೈ ಇಡ್ಕಂಡು ಏಳಿ ಓದ್ಲು, ದೇವ್ರಿಗೆ ಬಣ್ಣ ಅಂತ ಮಾಡ್ಸಿದ್ರೆ ಆ ಸಾಬ್ರ ಕೈಲೇ ಮಾಡ್ಸು ಮಗಾ ಅಂತ" ಎಂದರು. ಸಾರವೆಯ ಮೇಲಿಂದ ತೆಳ್ಳಗಿನ ಮನುಷ್ಯನೊಬ್ಬ ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಂಡು ಇಳಿದುಬಂದ. ಗಡ್ಡ ಅರ್ಧ ಬೆಳ್ಳಗಾಗಿತ್ತು.

"ರಾಯ್ರೇ! ಚೆನ್ನಾಗಿದೀರಾ?" ಎಂದರು ಗಫೂರ್ ಸಾಹೇಬರು.

ನಾನು ಚೆನ್ನಾಗಿದ್ದೇನೆ ಎಂದೆ. ಅಧ್ಯಕ್ಷರು ಇನ್ಯಾರನ್ನೋ ಕೂಗುತ್ತ ಆಚೆ ಹೋದರು. ಆಗ ನನ್ನ ಹೆಂಡತಿ ಮುಂದೆ ಬಂದು, "ಗಫೂರ್ ಸಾಹೇಬ್ರು ಅಂದ್ರೆ ನೀವೇನಾ? ಅವತ್ತು ನಿಮ್ಮ ಪರವಾಗಿ ಎಷ್ಟು ಮಾತಾಡಿದ್ರೂ ಯಾರೂ ಕೇಳಲಿಲ್ಲ ಅಂತ ನಮ್ಮನೆಯವರು ಈಗಲೂ ನೊಂದ್ಕೋತಾರೆ" ಎಂದಳು.

ಇಲ್ಲಿ ಒಂದು ವಿಷಯವನ್ನು ನಿಮ್ಮಿಂದಲೂ ಮುಚ್ಚಿಟ್ಟಿದ್ದೇನೆ. ಅವತ್ತು ಸಂಜೆ ಬಸ್ಸಿನಲ್ಲಿ ಮಾಡಿದ ಭಾಷಣವನ್ನು ನಾನು ಮನೆಗೆ ಬಂದು ಲಲಿತಳ ಮುಂದೆ ಪೂರ್ತಿಯಾಗಿ ಒಪ್ಪಿಸಿದ್ದೆ. ಹೆಡ್‌ಮಾಸ್ಟರ ರೂಮಿನಲ್ಲಿ, ಅಧ್ಯಕ್ಷರ ಮುಖಕ್ಕೇ ಹೇಳಿದೆ ಎಂದು ಹೇಳಿದ್ದೆ. ಆಕೆ ಅವತ್ತು ನೋಡಿದಂಥ ನೋಟದಿಂದ ನನ್ನನ್ನು ಮದುವೆಯಾದ ಮೇಲೆ ಒಂದು ಸಲವೂ ನೋಡಿರಲಿಲ್ಲ. ಅದನ್ನು ವಾಪಸು ಕೊಡುವ ಧೈರ್ಯ ನನಗೆ ಆಮೇಲೆ ಬರಲೇ ಇಲ್ಲ.

ಗಫೂರ್ ಸಾಹೇಬರು ನನ್ನ ಕಡೆ ನೋಡಲಿಲ್ಲ. ಬಟ್ಟೆಯ ಚೂರಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. "ಹೌದಕ್ಕಾ" ಎಂದರು. "ರಾಯ್ರು ಅವತ್ತು ಆಡಿದ ಮಾತು ನಾನಿನ್ನೂ ಮರೆತಿಲ್ಲ."

ಲಲಿತಳಿಗೆ ಕಣ್ಣು ತುಂಬಿ ಬಂತು. ಮುಂದಿನ ಭಾನುವಾರ ನಮ್ಮ ಹೊಸ ಮನೆಗೆ ಊಟಕ್ಕೆ ಬರಲೇಬೇಕು ಎಂದು ಹಠ ಹಿಡಿದಳು. ಅವರು ಬಂದರು. ಪೂರ್ವದ ಬಾಗಿಲಿನಲ್ಲಿ ಚಪ್ಪಲಿ ಬಿಟ್ಟು, ಮನೆ ಚೆನ್ನಾಗಿದೆ ಎಂದು ಮನಸಾರೆ ಹೇಳಿದರು. ಊಟ ಮಾಡುವಾಗ ನನ್ನ ಹೆಂಡತಿ ಆ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ, ಆನೆ ತಲೆ ಸಿಂಹದ ತಲೆ ಒಂದನ್ನೂ ಬಿಡದೆ, ಅವರಿಗೇ ಹೇಳಿ ಕೇಳಿಸಿದಳು. ಅವರು ತಲೆ ತಗ್ಗಿಸಿಕೊಂಡು, "ಹೌದಕ್ಕಾ, ಹೌದಕ್ಕಾ" ಎನ್ನುತ್ತ ಉಂಡರು. ನನಗೆ ಆ ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಗೌರವ ಹುಟ್ಟೀತು. ಆದರೆ ಲಲಿತ ಅವತ್ತು ಮಾಡಿದ್ದ ಬಸ್ಸಾರು ಬಹಳ ಚೆನ್ನಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.